ಜಾರುನೆಲವೂ ಕಾಲಿನ ಹಿಡಿತವೂ

ಪುತ್ತೂರು, ಸುಳ್ಯ, ಮತ್ತು ಇವೆರಡರಿಂದಲೂ ಗ್ರಾಮಗಳನ್ನು ಪಡೆದು ಹೊಸ ತಾಲೂಕಾಗಿ ರೂಪುಗೊಂಡ ಕಡಬ, ಈ ಮೂರು ಸೀಮೆಗಳಲ್ಲಿ ನೀರು ಹೆಪ್ಪುಗಟ್ಟುವುದು ಫ್ರಿಜ್ಜಿನೊಳಗೆ ಮಾತ್ರವೇ ಆದುದರಿಂದ, ಮಂಜುಗಡ್ಡೆಯ ಮೇಲೆ ನಡೆಯಲೆಂದು ಪಾದರಕ್ಷೆಗೆ ಮುಳ್ಳು ಕಟ್ಟಿಕೊಳ್ಳುವ ವಿಷಯವನ್ನು ಇಲ್ಲಿ ಕುಳಿತು ಬರೆಯಹೊರಡುವುದು ಕೆಲವರಿಗೆ ವಿನೋದವಾಗಿ ತೋರಬಹುದು. ಆದರೆ ಆಟಿ ತಿಂಗಳಿನಲ್ಲಿ, ಮಳೆ ಒಂದು ಗಳಿಗೆ ಬಿಟ್ಟಿತೆಂಬ ಧೈರ್ಯದಿಂದ ಯಾವುದಾದರೂ ತೋಟದ ಮನೆಯ ಅಂಗಳಕ್ಕೆ ಇಳಿದವನಿಗೆ, ಉತ್ತರಧ್ರುವದ ಸಮೀಪದವರ ಕಷ್ಟವೂ ನಮ್ಮ ಕಷ್ಟವೂ ಮೂಲತಃ ಒಂದೇ ಎಂಬ ತತ್ತ್ವವು, ಬೆನ್ನು ನೆಲಕ್ಕೆ ತಾಗುವುದಕ್ಕೆ ಮೊದಲೇ ಮನವರಿಕೆಯಾಗುತ್ತದೆ.

ಜಿಲ್ಲೆಗೆ ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವುದೆಂದೂ ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರಿನೊಳಗೆ ಸುರಿದು ಮುಗಿಯುವುದೆಂದೂ ನಾವೆಲ್ಲ ಶಾಲೆಯಲ್ಲಿ ಓದಿದ್ದೇವೆ. ಆ ನಾಲ್ಕು ತಿಂಗಳಲ್ಲಿ ಮುರಕಲ್ಲಿನ ಮೆಟ್ಟಿಲು, ಸಿಮೆಂಟಿನ ಅಂಗಳ, ಬಾವಿಕಟ್ಟೆ, ಅಡಕೆಮರದ ಕಾಂಡ, ಯಾವುದನ್ನೂ ಬಿಡದೆ ಹಬ್ಬುವ ಪಾಚಿಯು ತಾನು ಒಣಗದಿರಲೆಂದು ಒಂದು ಬಗೆಯ ಲೋಳೆಯನ್ನು ಒಸರಿಸಿ ಅದರಲ್ಲಿ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ, ನಮ್ಮ ಅಂಗಾಲು ತಾಗುವುದು ಕಲ್ಲಿಗಲ್ಲ, ಆ ಲೋಳೆಗೆ. ಮಂಜುಗಡ್ಡೆಯದೂ ಇದೇ ಕಥೆ: ಅದರ ಮೇಲ್ಮೈಯಲ್ಲಿ ಸದಾ ಇರುವ ಅತಿ ತೆಳುವಾದ ನೀರಿನಂಥ ಪೊರೆಯ ವಿಚಾರವನ್ನು ಮೈಕೆಲ್ ಫ್ಯಾರಡೆ 1850ರಷ್ಟು ಹಿಂದೆಯೇ ಎತ್ತಿದ್ದನು. ಸಮನೆಲದಲ್ಲಿ ಸಾವಕಾಶವಾಗಿ ನಡೆಯುವ ಮನುಷ್ಯನಿಗೆ 0.2ರ ಆಸುಪಾಸಿನ ಘರ್ಷಣಾಂಕ ಬೇಕು. ಕರಗತೊಡಗಿದ ಮಂಜುಗಡ್ಡೆಯ ಮೇಲೆ ಸಾಧಾರಣ ರಬ್ಬರಿನ ಅಟ್ಟೆಗೆ ದೊರೆಯುವುದು 0.1ಕ್ಕಿಂತಲೂ ಕಡಿಮೆ. ಆದಕಾರಣ ಜಾರದೆ ನಡೆಯುವ ವಿದ್ಯೆಯೆಲ್ಲವೂ, ಅದು ಸ್ವೀಡನ್ನಿನದಿರಲಿ ಸುಬ್ರಹ್ಮಣ್ಯದ್ದಿರಲಿ, ನಡುವಣ ಪೊರೆಯನ್ನು ದಾಟಿ ಗಟ್ಟಿನೆಲವನ್ನು ಮುಟ್ಟುವುದು ಹೇಗೆ ಎಂಬ ಪ್ರಶ್ನೆಗೆ ಕಾಲಕಾಲಕ್ಕೆ ಕಂಡುಕೊಂಡ ಉತ್ತರವೇ ಆಗಿದೆ.

ನಮ್ಮ ಹಿರಿಯರು ಈ ಪ್ರಶ್ನೆಗೆ ಉತ್ತರ ಹುಡುಕಿದ್ದು ಕಾಲಿನಲ್ಲಲ್ಲ, ನೆಲದಲ್ಲಿ. ಮುಂಗಾರಿನ ಮೊದಲ ವಾರದಲ್ಲಿ, ಜಗಲಿಯಿಂದ ಹಟ್ಟಿಗೂ ಬಾವಿಗೂ ಬಚ್ಚಲಿಗೂ ಹೋಗುವ ಜಾಡಿನುದ್ದಕ್ಕೂ, ಬೇಸಗೆಯಲ್ಲಿ ಉದುರಿದ ಅಡಕೆ ಸೋಗೆಯನ್ನು ಹಾಸುವುದು ಮನೆಯ ಕ್ರಮವಾಗಿತ್ತು. ಈಗಲೂ ಅನೇಕ ಮನೆಗಳಲ್ಲಿ ಇದೆ. ನಡೆಯುವ ದಿಕ್ಕಿಗೆ ಅಡ್ಡಲಾಗಿ ಬಿದ್ದ ಸೋಗೆಯ ದಿಂಡು ಪ್ರತಿ ಹೆಜ್ಜೆಗೂ ಒಂದು ಸಣ್ಣ ತಡೆಯಾಗುತ್ತದೆ. ಗರಿಗಳು ಲೋಳೆಯನ್ನು ಕೆಳಗೇ ಅದುಮಿ ಹಿಡಿದು ನೀರನ್ನು ಎರಡು ಪಕ್ಕಕ್ಕೆ ಹರಿಯಬಿಡುತ್ತವೆ. ನೆರಳಾದ ನೆಲದಲ್ಲಿ ಬಿಸಿಲು ಕಾಣದ ಪಾಚಿಯೂ ಸೊರಗುತ್ತದೆ. ಕೊಳೆತ ಸೋಗೆಯನ್ನು ನವರಾತ್ರಿಯ ಹೊತ್ತಿಗೆ ಎತ್ತಿ ಗೊಬ್ಬರಕ್ಕೆ ಹಾಕಿದರೆ ಅಡಕೆ ಒಣಗಿಸಲು ಅಂಗಳ ಸಿದ್ಧ. ಕೊಂಡು ತರಬೇಕಾದದ್ದೇನೂ ಇಲ್ಲದ, ಎಸೆಯಬೇಕಾದದ್ದೂ ಏನೂ ಇಲ್ಲದ ಈ ಉಪಾಯಕ್ಕೆ ಯಾರೂ ಪೇಟೆಂಟು ಕೇಳಲಿಲ್ಲವೆಂಬುದರಿಂದಲೇ ಅದರ ಹೆಚ್ಚುಗಾರಿಕೆ ನಮ್ಮ ಗಮನಕ್ಕೆ ಬಾರದೆ ಹೋಯಿತೇನೋ.

ಮಣ್ಣಿನ ಅಂಗಳಗಳು ಸಿಮೆಂಟಿಗೆ ತಿರುಗಿದ ಮೇಲೆ ಸುಣ್ಣ, ಬ್ಲೀಚಿಂಗ್ ಪುಡಿ, ತೆಂಗಿನ ಕಡ್ಡಿಯ ಗಟ್ಟಿ ಹಿಡಿಸೂಡಿ, ಇತ್ತೀಚೆಗೆ ಒತ್ತಡದಿಂದ ನೀರು ಹಾಯಿಸುವ ಯಂತ್ರ, ಇವು ಒಂದರ ಹಿಂದೊಂದು ಬಂದವು. ಇವೆಲ್ಲಕ್ಕಿಂತ ಸ್ವಾರಸ್ಯವಾದುದು, ಯಾರೂ ಉದ್ದೇಶಿಸದೆ ಒದಗಿಬಂದ ಒಂದು ಪ್ರಯೋಗ. ಅಡಕೆಗೆ ಬಿಡುವ ಬೋರ್ಡೋ ಮದ್ದನ್ನು, ಎಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು ಒಂದು ಕಿಲೋ ಸುಣ್ಣ ಸೇರಿದ ಆ ನೀಲಿಯ ದ್ರಾವಣವನ್ನು, ಕಲಸುವ ಡ್ರಮ್ಮಿನ ಸುತ್ತಲ ನೆಲವನ್ನು ಮಳೆಗಾಲದ ನಡುವೆ ನೋಡಿರಿ. ಅಂಗಳವೆಲ್ಲ ಹಸಿರಾಗಿ ಮಿರುಗುತ್ತಿರುವಾಗ ಆ ಒಂದು ವೃತ್ತ ಮಾತ್ರ ಬೋಳಾಗಿ, ಒರಟಾಗಿ, ನಿಶ್ಚಿಂತೆಯಿಂದ ಕಾಲೂರುವಂತೆ ಉಳಿದಿರುತ್ತದೆ. ಕೊಳೆರೋಗವನ್ನು ತಡೆಯುವ ತಾಮ್ರವೇ ಪಾಚಿಗೂ ವಿಷ. ಹಾಗೆಂದು ಅಂಗಳಕ್ಕೆಲ್ಲ ಮೈಲುತುತ್ತು ಸುರಿಯತಕ್ಕದ್ದಲ್ಲ. ಹರಿದುಹೋದ ತಾಮ್ರ ತೋಡಿನ ಮೀನುಗಳನ್ನು ಉಳಿಸುವುದಿಲ್ಲ.

ತೋಡು ದಾಟಲು ಹಾಕುತ್ತಿದ್ದ ಅಡಕೆಮರದ ಸಂಕ ಮಳೆಗಾಲದಲ್ಲಿ ಜಾರುನೆಲಗಳಲ್ಲೆಲ್ಲ ಅತಿ ಭಯಂಕರವಾದುದು. ಉರುಟಾದ ಎರಡು ಕಾಂಡಗಳು, ಹಿಡಿಯಲೊಂದು ಬಳ್ಳಿ, ಕೆಳಗೆ ಕೆಂಪುನೀರು. ಮಕ್ಕಳು ಪುಸ್ತಕದ ಚೀಲವನ್ನು ತಲೆಯ ಮೇಲಿಟ್ಟು ಬರಿಗಾಲಿನ ಬೆರಳುಗಳಿಂದ ಕಾಂಡವನ್ನು ಕಚ್ಚಿ ದಾಟುತ್ತಿದ್ದ ಆ ದಿನಗಳು ಬಹುಮಟ್ಟಿಗೆ ಮುಗಿದದ್ದಕ್ಕೆ ಸುಳ್ಯದ ಗಿರೀಶ ಭಾರದ್ವಾಜರನ್ನು ನೆನೆಯಲೇಬೇಕು. 1989ರಲ್ಲಿ ಸುಳ್ಯದ ಬಳಿಯ ಅರಂಬೂರಿನಲ್ಲಿ ಪಯಸ್ವಿನೀ ನದಿಗೆ ತೂಗುಸೇತುವೆ ಕಟ್ಟಿ ಮೊದಲುಮಾಡಿದ ಅವರು ನೂರಕ್ಕೂ ಮಿಕ್ಕಿದ ಸೇತುವೆಗಳನ್ನು ನಿರ್ಮಿಸಿ 2017ರಲ್ಲಿ ಪದ್ಮಶ್ರೀ ಪಡೆದರು. ಹೆಜ್ಜೆಯನ್ನು ತಿದ್ದುವುದಕ್ಕಿಂತ ಹಾದಿಯನ್ನು ತಿದ್ದುವ ನಮ್ಮ ಸೀಮೆಯ ಹಳೆಯ ಒಲವೇ ಅಲ್ಲಿ ಉಕ್ಕಿನ ಹಗ್ಗವಾಗಿ ಬೆಳೆಯಿತೆಂದು ನಾನು ಭಾವಿಸುತ್ತೇನೆ.

ಅಡಕೆಮರಕ್ಕೆ ಬಂದಾಗ ಮಾತ್ರ ನೆಲವನ್ನು ತಿದ್ದುವ ಯುಕ್ತಿ ನಡೆಯದು. ಕೊಳೆರೋಗಕ್ಕೆ ಬೋರ್ಡೋ ಮದ್ದೇ ತಕ್ಕ ಉಪಾಯವೆಂದು ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ತೋರಿಸಿಕೊಟ್ಟ ಬಳಿಕ, ಮರ ಹತ್ತಲೇಬಾರದ ಕಾಲದಲ್ಲಿಯೇ, ಎಂದರೆ ಮಳೆಯ ನಡುವೆ ಕಾಂಡವೆಲ್ಲ ಪಾಚಿಗಟ್ಟಿರುವಾಗಲೇ, ಮರ ಹತ್ತಬೇಕಾದ ವಿಪರ್ಯಾಸ ಒದಗಿತು. ಹತ್ತುವವನ ಆಯುಧವೋ ಒಂದು ತಳೆ: ಎರಡು ಪಾದಗಳನ್ನು ಕೂಡಿಸಿ ಹಿಡಿಯುವ ಬಳ್ಳಿಯ ಉರುಳು. ಮೈಭಾರ ಕೆಳಕ್ಕೆ ಜಗ್ಗಿದಷ್ಟೂ ಪಾದಗಳು ಕಾಂಡವನ್ನು ಎರಡು ಕಡೆಯಿಂದ ಒತ್ತುವುದರಿಂದ, ಜಾರಿಸಬೇಕಾದ ಭಾರವೇ ಹಿಡಿತವಾಗಿ ಪರಿಣಮಿಸುತ್ತದೆ. ತಂತಿಕಂಬ ಹತ್ತುವವರು ಕಾಲಿಗೆ ಉಕ್ಕಿನ ಮುಳ್ಳು ಕಟ್ಟಿಕೊಳ್ಳುವ ಪದ್ಧತಿ ಪಶ್ಚಿಮದೇಶಗಳಲ್ಲಿ ಇದ್ದರೂ ಅಡಕೆಗೆ ಅದನ್ನು ಯಾರೂ ತರಲಿಲ್ಲ, ತರಬಾರದು ಕೂಡ. ಮಾವು ಹಲಸುಗಳ ತೊಗಟೆಯ ಕೆಳಗೆ ಹೊಸ ಜೀವಕೋಶಗಳನ್ನು ಹುಟ್ಟಿಸಿ ಗಾಯ ಮುಚ್ಚುವ ಪದರವೊಂದು ಇರುವುದು. ತಾಳೆಯ ಕುಲಕ್ಕೆ ಸೇರಿದ ಅಡಕೆಗೆ ಅದಿಲ್ಲ. ಇಂದು ಬಿದ್ದ ತೂತು ಮರ ಬದುಕಿರುವಷ್ಟು ಕಾಲವೂ ತೂತಾಗಿಯೇ ಉಳಿದು ರೋಗಕ್ಕೆ ಬಾಗಿಲಾಗುತ್ತದೆ.

ಹತ್ತುವವರ ಸಂಖ್ಯೆ ಇಳಿಯುತ್ತ ಬಂದಂತೆ ಉಪಾಯಗಳೂ ಬದಲಾದವು. ನೆರೆಯ ಬಂಟ್ವಾಳ ತಾಲೂಕಿನ ಸಜಿಪಮೂಡದ ಕೃಷಿಕ ಗಣಪತಿ ಭಟ್ಟರು ರೂಪಿಸಿದ, 28 ಕಿಲೋ ತೂಕದ, ಪೆಟ್ರೋಲಿನಿಂದ ನಡೆಯುವ ಮರ ಏರುವ ಬೈಕು 2019ರಲ್ಲಿ ದೇಶಕ್ಕೆಲ್ಲ ಪರಿಚಿತವಾಯಿತು. ಈಚೆಗೆ ಕಾರ್ಬನ್ ಫೈಬರಿನ ಉದ್ದನೆಯ ದೋಟಿ ಬಂದು, ನೆಲದಲ್ಲಿ ನಿಂತೇ ಮದ್ದು ಬಿಡುವ, ಕೊನೆ ಕೊಯ್ಯುವ ಅನುಕೂಲ ಒದಗಿದೆ. ಇದು ಜಾರುವಿಕೆಯನ್ನು ಗೆದ್ದದ್ದಲ್ಲ, ಅದರ ಗೊಡವೆಯನ್ನೇ ಬಿಟ್ಟದ್ದು. ಆದರೆ ದೋಟಿ ಹಿಡಿದವನು ಕತ್ತನ್ನು ಮೇಲಕ್ಕೆತ್ತಿ ನಿಲ್ಲುವುದು ಅದೇ ಪಾಚಿಯ ತೋಟದ ನೆಲದ ಮೇಲೆ. ಕಾಲಕೆಳಗೆ ನೋಡುವ ಬಿಡುವು ಅವನಿಗಿಲ್ಲ.

ಪಾದರಕ್ಷೆಯ ಕಥೆ ನಮ್ಮಲ್ಲಿ ತೀರ ಈಚಿನದು. ಬರಿಗಾಲು ಲೋಳೆಯನ್ನು ಬೆರಳುಗಳಿಂದ ಸೀಳಬಲ್ಲುದು; ಕಂಬಳದ ಓಟಗಾರ ಇಂದಿಗೂ ಬರಿಗಾಲಿನವನೇ. ಹಳೆಯ ಟಯರಿನ ಚಪ್ಪಲಿ ಭಾರವಾದರೂ ನಂಬಿಕೆಗೆ ಅರ್ಹವಾಗಿತ್ತು. ತರುವಾಯ ಬಂದ ಹವಾಯಿ ಚಪ್ಪಲಿ ಅಗ್ಗವೂ ಹಗುರವೂ ಆಗಿದ್ದು, ಹೊಸತರಲ್ಲಿ ಬೆನ್ನಿಗೆ ಕೆಸರು ರಟ್ಟಿಸುವುದು, ಸವೆದ ಮೇಲೆ ಒಡೆಯನನ್ನೇ ಕೆಡವುವುದು ಎಂಬ ಎರಡೇ ದೋಷಗಳಿಂದ ಮೂರು ತಾಲೂಕುಗಳನ್ನೂ ಆಳಿತು. ಹಳ್ಳತೆವರುಗಳಿರುವ ದಪ್ಪ ರಬ್ಬರಿನ ಅಟ್ಟೆಯನ್ನು, 1935ರಲ್ಲಿ ಆಲ್ಪ್ಸ್ ಪರ್ವತದಲ್ಲಿ ಆರು ಮಂದಿ ಸಂಗಡಿಗರನ್ನು ಕಳೆದುಕೊಂಡ ಇಟಲಿಯ ವಿಟಾಲೆ ಬ್ರಾಮಾನಿ, ಎರಡು ವರ್ಷಗಳ ಅನಂತರ ರೂಪಿಸಿದನು. ಅದರ ವಂಶದವೇ ಇಂದು ಗಂಬೂಟಿನ ಅಡಿಯಲ್ಲಿಯೂ ಚಾರಣದ ಬೂಟಿನ ಅಡಿಯಲ್ಲಿಯೂ ಇರುವವು. ಕುಕ್ಕೆಯಿಂದ 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ ಏರುವವರು ಶೇಷಪರ್ವತ ದಾಟಿ ಕಾಡು ಹೊಕ್ಕ ಮೇಲೆ ಎದುರಾಗುವ ನೀರೊಸರುವ ಬಂಡೆಯಲ್ಲಿ ಈ ಅಟ್ಟೆಯ ಬಲವೆಷ್ಟೆಂಬುದನ್ನು ಪರೀಕ್ಷಿಸಿಕೊಳ್ಳುತ್ತಾರೆ. ತೆವರುಗಳು ಕೆಸರನ್ನು ಕಚ್ಚುತ್ತವೆ. ಪಾಚಿಗಟ್ಟಿದ ನುಣುಪು ಬಂಡೆಯಲ್ಲಿ ಮೃದು ರಬ್ಬರೇ ಮೇಲು, ಅದೂ ಅಂಗಾಲು ಪೂರ್ತಿ ಊರಿದರೆ.

ಇನ್ನು ಮುಳ್ಳಿನ ವಿಷಯ. ಸ್ವೀಡನ್ನಿನ ಬಿರ್ಕಾದಲ್ಲಿ ವೈಕಿಂಗರ ಸಮಾಧಿಗಳನ್ನು ಅಗೆದಾಗ ಕಬ್ಬಿಣದ ಹಿಮಮುಳ್ಳುಗಳು ದೊರೆತವೆಂದ ಮೇಲೆ, ಅದರ ಪ್ರಾಯವನ್ನು ಸಾವಿರ ವರ್ಷವೆಂದು ಹೇಳಬಹುದು. ಪರ್ವತಾರೋಹಿಗಳಿಗಾಗಿ ಹತ್ತು ಮುಳ್ಳುಗಳ ಚೌಕಟ್ಟನ್ನು ಆಸ್ಕರ್ ಎಕನ್‌ಸ್ಟೈನ್ 1908ರಲ್ಲಿ ವಿನ್ಯಾಸಗೊಳಿಸಿದನು. ಇಟಲಿಯ ಕಮ್ಮಾರ ಹೆನ್ರಿ ಗ್ರಿವೆಲ್ ಅದನ್ನು ಕುಲುಮೆಯಿಂದ ಹೊರತಂದನು. 1929ರಲ್ಲಿ ಅವನ ಮಗ ಲೊರಾಂ ಮುಂಬದಿಗೆ ಇನ್ನೆರಡು ಮುಳ್ಳು ಸೇರಿಸಿದನು. ಆದರೆ ಪುತ್ತೂರಿನಿಂದ ಟೊರಾಂಟೊವಿಗೋ ಮಿನಿಯಾಪೊಲಿಸಿಗೋ ಮಗಳ ಬಾಣಂತನಕ್ಕೆಂದು ಹೊರಡುವ ತಾಯಿಗೆ ಅಂಥ ಪರ್ವತಾಯುಧ ಬೇಡ. ಬೂಟಿನ ಮೇಲೆ ಎಳೆದು ತೊಡಿಸುವ ರಬ್ಬರಿನ ಜಾಲಕ್ಕೆ ಟಂಗ್‌ಸ್ಟನ್ ಕಾರ್ಬೈಡಿನ ಪುಟ್ಟ ಮೊಳೆಗಳಿರುವುದು ಪೇಟೆಯ ಕಾಲುದಾರಿಗೆ ಸಾಕು. ತಂತಿಸುರುಳಿ ಸುತ್ತಿದ್ದು ಹಿಮಪುಡಿಗೆ ಒಳ್ಳೆಯದಾದರೂ ಗಟ್ಟಿಗೊಂಡ ಮಂಜುಗಡ್ಡೆಯನ್ನು ಕೊರೆಯಲಾರದು. ಸರಪಣಿಯೂ ಸೆಂಟಿಮೀಟರಿನಷ್ಟುದ್ದದ ಉಕ್ಕಿನ ಹಲ್ಲುಗಳೂ ಉಳ್ಳದ್ದು ಏರು ಹಾದಿಯ ಕಾಡುದಾರಿಗೆ. ಕೊಳ್ಳುವಾಗ ಅವಶ್ಯವಾಗಿ ನೋಡತಕ್ಕದ್ದು ಹಿಮ್ಮಡಿಯನ್ನು. ಮುಂಗಾಲಿಗಷ್ಟೇ ಮುಳ್ಳಿರುವ ಅಗ್ಗದ ಮಾಲು ಬೇಕಾದಷ್ಟಿದೆ. ಆದರೆ ನಡೆಯುವಾಗ ಮೊದಲು ನೆಲ ಮುಟ್ಟುವುದೂ, ಬಹುಮಟ್ಟಿಗೆ ಮೊದಲು ಜಾರುವುದೂ ಹಿಮ್ಮಡಿಯೇ. ಅಳತೆಯನ್ನು ಪಾದಕ್ಕಲ್ಲ, ಹೊರಬೂಟಿಗೆ ಹೊಂದಿಸಬೇಕು. ಚಳಿಗೆ ಗಡುಸಾಗಿ ಬಿರುಕುಬಿಡುವ ಪ್ಲಾಸ್ಟಿಕ್ಕಿನದನ್ನು ಮುಟ್ಟಲೇಬಾರದು.

ಒಂದು ಡಿಸೆಂಬರಿನಲ್ಲಿ ಮಗಳ ಮನೆಗೆ ಹೋದಾಗ ನಾನೂ ಮೊಳೆಗಳಿರುವ ಆ ರಬ್ಬರಿನ ಜಾಲವನ್ನು ತೊಟ್ಟೆನು. ಬೆಂಚಿನ ಮೇಲೆ ಕುಳಿತು, ಮುಂಗಾಲನ್ನು ಮೊದಲು ತೂರಿಸಿ, ಹಿಂಬದಿಯ ಕಿವಿಯನ್ನು ಹಿಡಿದೆಳೆದು ಹಿಮ್ಮಡಿಗೆ ಏರಿಸುವಷ್ಟರಲ್ಲಿ ಬೆವರಿಬಿಟ್ಟರೂ, ಹೊರಗಿನ ಗಾಜಿನಂಥ ಹಾದಿಯಲ್ಲಿ ಕರ್ ಕರ್ ಎಂದು ಹಲ್ಲೂರಿ ನಡೆಯುವ ಗರ್ವವೇ ಬೇರೆ. ಅದೇ ಗರ್ವದಿಂದ ಒಂದು ಅಂಗಡಿಯೊಳಕ್ಕೆ ಹಾಗೆಯೇ ನುಗ್ಗಿ, ಬಾಗಿಲ ಬಳಿಯ ಟೈಲ್ಸಿನ ಮೇಲೆ ಎರಡು ಕಾಲೂ ಎರಡು ದೇಶಕ್ಕೆ ಹೊರಟಂತಾಗಿ ತಳ್ಳುಗಾಡಿಯೊಂದನ್ನು ತಬ್ಬಿಕೊಂಡು ಉಳಿದೆನು. "ಅಪ್ಪಾ, ಒಳಗೆ ಬರುವಾಗ ಅದನ್ನು ತೆಗೀಬೇಕು ಅಂತ ನಿನ್ನೆಯೇ ಹೇಳಿರಲಿಲ್ವಾ?" ಎಂದಳು ಮಗಳು. ಮಂಜುಗಡ್ಡೆಗೆ ಇಳಿಯಬಲ್ಲ ಲೋಹ ಟೈಲ್ಸಿಗೆ ಇಳಿಯದು. ಆಗ ಪಾದವೆಲ್ಲ ನಾಲ್ಕಾರು ಬಿಂದುಗಳ ಮೇಲೆ ನಿಂತ ನುಣುಪು ಲೋಹವಾಗುತ್ತದೆ. ಮುಳ್ಳಿದ್ದರೂ ಹೆಜ್ಜೆ ಗಿಡ್ಡವಾಗಿರಬೇಕು, ಅಂಗಾಲು ಸಮವಾಗಿ ಇಳಿಯಬೇಕು, ಕೈ ಜೇಬಿನೊಳಗಿರಬಾರದು. ಮನೆ ಸೇರಿದ ಮೇಲೆ ರಸ್ತೆಯ ಉಪ್ಪನ್ನು ತೊಳೆದು ಒಣಗಿಸದಿದ್ದರೆ ಮುಂದಿನ ಚಳಿಗಾಲಕ್ಕೆ ತುಕ್ಕು ಮಾತ್ರ ಉಳಿದೀತು.

ಆ ಜೋಡಿಯನ್ನು ಊರಿಗೆ ತಂದು ಕಳೆದ ಜುಲೈಯಲ್ಲಿ ನಮ್ಮ ಅಂಗಳದಲ್ಲಿ ಪರೀಕ್ಷಿಸಿದೆನು. ಮುರಕಲ್ಲಿನ ಮೆಟ್ಟಿಲಿನ ರಂಧ್ರಗಳಲ್ಲಿ ಮೊಳೆಗಳು ಚೆನ್ನಾಗಿ ಸಿಕ್ಕಿಕೊಂಡವು. ಕರಿಕಲ್ಲಿನ ಚಪ್ಪಡಿಯ ಮೇಲೆ ಕಿರುಗುಟ್ಟಿ ಜಾರಿದವು. ಸಿಮೆಂಟಿನ ಅಂಗಳದಲ್ಲಿ ಹಿಡಿತವಿತ್ತಾದರೂ ಹೆಜ್ಜೆಗೊಂದು ಬಿಳಿಯ ಗೀರು ಬಿದ್ದು ಮನೆಯಾಕೆಯ ಆಕ್ಷೇಪಕ್ಕೆ ಪಾತ್ರವಾಯಿತು. ಮದ್ದು ಬಿಡಲು ಬಂದು, ಮಳೆ ಬಿಡಲೆಂದು ಜಗಲಿಯಲ್ಲಿ ಕಾಯುತ್ತಿದ್ದಾತನು ಅದನ್ನು ತೆಗೆದುಕೊಂಡು, ತಿರುವಿ, ಮೊಳೆಯ ತುದಿಯನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿ, ಹಿಂದಕ್ಕೆ ಕೊಟ್ಟನು. "ಅಣ್ಣೇರೇ, ಇದು ಮರಕ್ಕೆ ಆಗ್ಲಿಕ್ಕಿಲ್ಲ. ಮರಕ್ಕೆ ನೋವಾಗ್ತದೆ" ಎಂದು, ಗೋಡೆಯ ಮೊಳೆಯಲ್ಲಿ ನೇತುಹಾಕಿದ್ದ ತನ್ನ ತಳೆಯನ್ನು ತೆಗೆದುಕೊಂಡು ತೋಟಕ್ಕೆ ಇಳಿದನು.