ಇದಕ್ಕೆ ಆನೆ ಸತ್ತಿಲ್ಲ

ಪೂಲ್ ಆಡುವವರನ್ನು ಕೇಳಿ ನೋಡಿ, ಟೇಬಲ್ ಮೇಲಿರುವ 16 ಚೆಂಡುಗಳಲ್ಲಿ ಅತಿ ಹೆಚ್ಚು ಏಟು ತಿನ್ನೋದು ಯಾವುದು ಅಂತ. ಯೋಚಿಸದೆ ಹೇಳ್ತಾರೆ: ಬಿಳಿ ಚೆಂಡು, ಅಂದರೆ ಕ್ಯೂ ಬಾಲ್. ಬಣ್ಣದ ಚೆಂಡುಗಳು ತಮ್ಮ ಸರದಿ ಬರುವ ತನಕ ಆರಾಮಾಗಿ ನಿಂತಿರುತ್ತವೆ. ಒಮ್ಮೆ ಪಾಕೆಟ್‌ಗೆ ಬಿದ್ದರೆ ಆ ಆಟದ ಮಟ್ಟಿಗೆ ಅವುಗಳ ಕೆಲಸ ಮುಗಿಯಿತು. ಬಿಳಿ ಚೆಂಡಿಗೆ ಮಾತ್ರ ರಜೆಯಿಲ್ಲ, ಪ್ರತಿ ಹೊಡೆತವೂ ಮೊದಲು ಅದಕ್ಕೇ. ಹಾಗಾಗಿ ಬಹಳ ವರ್ಷ ಬಳಸಿದ ಸೆಟ್ಟನ್ನು ಅಳೆದು ನೋಡಿದರೆ ಬಿಳಿ ಚೆಂಡು ಉಳಿದವುಗಳಿಗಿಂತ ಕೂದಲೆಳೆಯಷ್ಟು ಸಣ್ಣಗಾಗಿರುತ್ತದೆ. ಸವೆದು ಸವೆದು.

ಹಾಗೆ ಸವೆದ ಒಂದು ಬಿಳಿ ಚೆಂಡು ಈಗ ನನ್ನ ಮೇಜಿನ ಮೇಲೆ, ಲ್ಯಾಪ್‌ಟಾಪ್ ಪಕ್ಕದಲ್ಲಿ, ಸಣ್ಣ ಹಿತ್ತಾಳೆ ಬಟ್ಟಲೊಂದರಲ್ಲಿ ಕೂತಿದೆ. ನನಗೆ ಬಂದ ಉಡುಗೊರೆ ಅದು.

ಕೊಟ್ಟವನು ನನ್ನ ಪೂಲ್ ಗೆಳೆಯ. ಇಬ್ಬರಿಗೂ ಮೊದಲ ಕೆಲಸ ಸಿಕ್ಕ ಹೊಸತರಲ್ಲಿ, ಬೆಂಗಳೂರಿನ ಒಂದು ಬೇಕರಿಯ ಮೇಲಿನ ಮಹಡಿಯಲ್ಲಿದ್ದ, ಎರಡೇ ಟೇಬಲ್‌ಗಳ ಪಾರ್ಲರ್‌ನಲ್ಲಿ ಪರಿಚಯವಾದವನು. ಆಮೇಲೆ 13 ವರ್ಷ, ಹೆಚ್ಚುಕಡಿಮೆ ಪ್ರತಿ ಗುರುವಾರ ರಾತ್ರಿ ಆಡಿದ್ದೇವೆ. ಈ ನಡುವೆ ಅವನು ಎರಡು ಕಂಪನಿ ಬದಲಿಸಿದ, ನಾನು ಮೂರು. ಅವನಿಗೆ ಮದುವೆಯಾಯಿತು, ನನ್ನ ಅಪ್ಪ ತೀರಿಕೊಂಡರು. ಇದ್ಯಾವುದರ ಬಗ್ಗೆಯೂ ನಾವು ಕೂತು ಉದ್ದುದ್ದ ಮಾತಾಡಿದವರಲ್ಲ. ಅಪ್ಪ ಹೋಗಿ ಹದಿನೈದು ದಿನವಾದ ಮೇಲೆ ಫೋನ್ ಮಾಡಿ "ಗುರುವಾರ ಬರ್ತೀಯಾ?" ಅಂತ ಕೇಳಿದ, ಅಷ್ಟೇ. ನಾನು ಹೋದೆ. ಪೂಲ್‌ನಲ್ಲಿ ಇದೊಂದು ಅನುಕೂಲ. ಇಬ್ಬರೂ ಟೇಬಲನ್ನೇ ನೋಡುತ್ತಿರುವುದರಿಂದ ಒಬ್ಬರ ಮುಖ ಒಬ್ಬರು ನೋಡಬೇಕಾದ ಒತ್ತಾಯ ಇರೋದಿಲ್ಲ.

ಕಳೆದ ವರ್ಷ ಆ ಕಟ್ಟಡ ಕೆಡವುತ್ತಾರೆ ಅಂತ ಪಾರ್ಲರ್ ಮುಚ್ಚಿತು. ಟೇಬಲ್, ಕ್ಯೂ ಸ್ಟಿಕ್, ಚೆಂಡಿನ ಸೆಟ್ಟು ಎಲ್ಲ ಬಂದ ಬೆಲೆಗೆ ಮಾರಾಟವಾದವು. ನನ್ನ ಹುಟ್ಟುಹಬ್ಬದ ದಿನ ಗೆಳೆಯ ಒಂದು ಸಣ್ಣ ಡಬ್ಬಿ ಕೈಗಿಟ್ಟ. ಒಳಗೆ ನಮ್ಮ ಟೇಬಲ್‌ನ ಬಿಳಿ ಚೆಂಡು.

"ಏನೋ ಇದು? ನನಗೆ ಒಂದು ಕೊಟ್ಟು ಹದಿನೈದು ನೀನಿಟ್ಕೊಂಡ್ಯಾ?"

"ಬಾಕಿದು ವರ್ಷಕ್ಕೊಂದರ ಹಾಗೆ ಕೊಡ್ತೀನಿ ಮಗಾ, ಅಲ್ಲೀವರೆಗೂ ಬದುಕಿರು."

ಡಬ್ಬಿಯಲ್ಲಿ ಒಂದು ಚೀಟಿಯೂ ಇತ್ತು. ಅವನ ಕೈಬರಹ: "ಇದಕ್ಕೆ ಆನೆ ಸತ್ತಿಲ್ಲ."

ಈ ಮೂರು ಪದದ ಹಿಂದೆ ನೂರೈವತ್ತು ವರ್ಷಕ್ಕೂ ಹಳೆಯ ಕತೆಯಿದೆ. ಎಷ್ಟೋ ವರ್ಷಗಳ ಹಿಂದೆ ಒಂದು ಗುರುವಾರ ಅವನಿಗೆ ಅದನ್ನು ಹೇಳಿದ್ದೆ. ಅವನು ನೆನಪಿಟ್ಟುಕೊಂಡಿದ್ದಾನೆ ಅಂತ ನನಗೆ ಗೊತ್ತಿರಲಿಲ್ಲ. ನಿಮಗೂ ಹೇಳ್ತೀನಿ.

ಪೂಲ್‌ಗೂ ಸ್ನೂಕರ್‌ಗೂ ತಾಯಿಬೇರು ಬಿಲಿಯರ್ಡ್ಸ್. ಮೊದಮೊದಲು ಅದನ್ನು ಮರದ ಚೆಂಡು, ಮಣ್ಣಿನ ಚೆಂಡುಗಳಲ್ಲಿ ಆಡುತ್ತಿದ್ದರು. ಆಮೇಲೆ ಆನೆದಂತ ಬಂತು. ದಂತದ ಚೆಂಡು ತೂಕವಾಗಿ, ನುಣುಪಾಗಿ ಇರುತ್ತಿತ್ತು, ಡಿಕ್ಕಿ ಹೊಡೆದಾಗ ಚೆನ್ನಾಗಿ ಪುಟಿಯುತ್ತಿತ್ತು. ಒಮ್ಮೆ ಅದರ ರುಚಿ ಹತ್ತಿದವರು ಮರದ ಚೆಂಡನ್ನು ಮತ್ತೆ ಮುಟ್ಟಲಿಲ್ಲ.

ಆದರೆ ದಂತ ಅಂದರೆ ಹಲ್ಲು ತಾನೆ? ಆನೆಯ ದಂತ ಬುಡದ ಕಡೆ ಟೊಳ್ಳು, ತುದಿಯ ಕಡೆ ಸಪೂರ. ಚೆಂಡು ಕಡೆಯುವಷ್ಟು ದಪ್ಪವಿದ್ದು ಒಳಗೆ ಗಟ್ಟಿಯಾಗಿರುವ ಭಾಗ ನಡುವೆ ಸ್ವಲ್ಪ ಮಾತ್ರ. ಅಲ್ಲೂ ಹಲ್ಲಿನ ನರ ಹಾದುಹೋಗುವ ಸಣ್ಣ ನಾಳ ಇರುತ್ತದೆ. ಆ ನಾಳ ಚೆಂಡಿನ ನಟ್ಟನಡುವೆ ಬರುವ ಹಾಗೆ ಕಡೆಯದಿದ್ದರೆ ತೂಕ ಒಂದು ಕಡೆ ವಾಲಿ ಚೆಂಡು ಸೊಟ್ಟಗೆ ಉರುಳುತ್ತದೆ. ಹಾಗಾಗಿ ಒಂದು ದಂತದಿಂದ ಸಿಗುತ್ತಿದ್ದುದು ಬೆರಳೆಣಿಕೆಯಷ್ಟು ಒಳ್ಳೆಯ ಚೆಂಡುಗಳು. ಕಡೆದ ಮೇಲೂ ತಿಂಗಳುಗಟ್ಟಲೆ ಒಣಗಲು ಬಿಡಬೇಕು. ಇಷ್ಟೆಲ್ಲ ಮಾಡಿದರೂ ಮಳೆಗಾಲದ ತೇವ, ಬೇಸಿಗೆಯ ಒಣಗಾಳಿಗೆ ದಂತ ಹಿಗ್ಗಿ ಕುಗ್ಗಿ ಗುಂಡಗಿನ ಚೆಂಡು ನಿಧಾನಕ್ಕೆ ಮೊಟ್ಟೆಯಾಕಾರಕ್ಕೆ ತಿರುಗುತ್ತಿತ್ತು.

19ನೇ ಶತಮಾನದಲ್ಲಿ ಈ ದಂತದ ಬಹುಪಾಲು ಬರುತ್ತಿದ್ದುದು ಆಫ್ರಿಕಾದಿಂದ. ಒಳನಾಡಿನಲ್ಲಿ ಕೊಂದ ಆನೆಗಳ ದಂತವನ್ನು ಜನ ಹೆಗಲ ಮೇಲೆ ಹೊತ್ತು ನೂರಾರು ಮೈಲಿ ನಡೆದು ಕರಾವಳಿಗೆ ತರುತ್ತಿದ್ದರು. ಹೊತ್ತವರಲ್ಲಿ ಗುಲಾಮರೂ ಇದ್ದರು. ಜಾಂಜಿಬಾರ್ ಆ ವ್ಯಾಪಾರದ ದೊಡ್ಡ ಬಂದರು. ಅಲ್ಲಿ ನೆಲೆಸಿದ್ದ ಗುಜರಾತಿ ವರ್ತಕರು ಇದಕ್ಕೆ ಬಂಡವಾಳ ಹಾಕುತ್ತಿದ್ದರು, ಸಾಕಷ್ಟು ದಂತ ಮುಂಬಯಿಗೆ ಬಂದು ಅಲ್ಲಿಂದ ಲಂಡನ್‌ಗೆ ಹೋಗುತ್ತಿತ್ತು. ಆಟ ಲಂಡನ್ನಿನ ಕ್ಲಬ್ಬಿನದ್ದಾದರೂ ಅದರ ಲೆಕ್ಕ ನಮ್ಮವರ ಖಾತೆ ಪುಸ್ತಕದಲ್ಲೂ ಇತ್ತು.

ಅಷ್ಟೇ ಅಲ್ಲ, ಸ್ನೂಕರ್ ಹುಟ್ಟಿದ್ದೇ ಭಾರತದಲ್ಲಿ. 1875ರಲ್ಲಿ ಜಬಲ್ಪುರದ ಸೈನಿಕರ ಮೆಸ್‌ನಲ್ಲಿ ನೆವಿಲ್ ಚೇಂಬರ್ಲಿನ್ ಎಂಬ ಯುವ ಅಧಿಕಾರಿ ಇದ್ದ. (ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚೇಂಬರ್ಲಿನ್ ಬೇರೆ.) ಮಳೆಗಾಲದಲ್ಲಿ ಹೊತ್ತು ಹೋಗದೆ, ಚಾಲ್ತಿಯಲ್ಲಿದ್ದ ಎರಡು ಮೂರು ಆಟಗಳನ್ನು ಕಲಸಿ ಹೊಸದೊಂದನ್ನು ಹುಟ್ಟಿಸಿದ. ಆಮೇಲೆ ಊಟಿಯ ಕ್ಲಬ್ಬಿನಲ್ಲಿ ಅದಕ್ಕೆ ನಿಯಮಗಳು ಗಟ್ಟಿಯಾದವು. ಇಲ್ಲಿ ಒಂದು ಲೆಕ್ಕ ಗಮನಿಸಿ. ಬಿಲಿಯರ್ಡ್ಸ್‌ಗೆ 3 ಚೆಂಡು ಸಾಕು. ಸ್ನೂಕರ್‌ಗೆ ಇವತ್ತಿನ ನಿಯಮದಂತೆ 22 ಬೇಕು, ಪೂಲ್‌ಗೆ 16. ಆಟ ಜನಪ್ರಿಯವಾದಷ್ಟೂ, ಟೇಬಲ್ ಮೇಲೆ ಬಣ್ಣ ಹೆಚ್ಚಾದಷ್ಟೂ ದಂತದ ಲೆಕ್ಕ ಮೇಲೇರುತ್ತಿತ್ತು.

ಅಮೆರಿಕದಲ್ಲಿ ಮೈಕೆಲ್ ಫೆಲನ್ ಅನ್ನುವವನು ಬಿಲಿಯರ್ಡ್ಸ್ ಟೇಬಲ್ ಮಾಡಿ ಮಾರುವ ದೊಡ್ಡ ಕುಳ. ದಂತದ ಬೆಲೆ ಹೀಗೇ ಏರಿದರೆ ತನ್ನ ಟೇಬಲ್ ಯಾರು ಕೊಳ್ಳುತ್ತಾರೆ ಅನ್ನುವ ಚಿಂತೆ ಅವನದು. 1860ರ ದಶಕದಲ್ಲಿ ಅವನ ಕಂಪನಿ ಘೋಷಣೆ ಹೊರಡಿಸಿತು: ದಂತಕ್ಕೆ ಬದಲಿ ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ. ಆ ಕಾಲಕ್ಕೆ ಅದು ಕಣ್ಣು ಕುಕ್ಕುವ ಮೊತ್ತ. ಆಲ್ಬನಿ ಊರಿನ ಜಾನ್ ವೆಸ್ಲಿ ಹಯಾಟ್ ಎಂಬ ಮುದ್ರಣ ಕೆಲಸಗಾರ ಇದರ ಬೆನ್ನು ಬಿದ್ದ. ಕೆಮಿಸ್ಟ್ರಿ ಓದಿದವನಲ್ಲ, ಮಾಡಿ ಮಾಡಿ ನೋಡಿಯೇ ಕಲಿತವನು. 1869ರಲ್ಲಿ ಚೆಂಡಿನ ಮೇಲೆ ನೈಟ್ರೋಸೆಲ್ಯುಲೋಸ್ ಲೇಪಿಸುವ ವಿಧಾನಕ್ಕೆ ಪೇಟೆಂಟ್ ಪಡೆದ. ನೈಟ್ರೋಸೆಲ್ಯುಲೋಸ್ ಅಂದರೆ ಹತ್ತಿಯನ್ನು ಆಮ್ಲದಲ್ಲಿ ಅದ್ದಿ ಮಾಡಿದ ವಸ್ತು, ಬಂದೂಕಿನ ಮದ್ದಿಗೆ ಹತ್ತಿರದ ನೆಂಟ. 1870ರಲ್ಲಿ ಅಣ್ಣತಮ್ಮ ಇಬ್ಬರೂ ಸೇರಿ ಅದಕ್ಕೆ ಇನ್ನೊಂದು ವಸ್ತು ಬೆರೆಸಿ, ಕಾಯಿಸಿ, ಒತ್ತಿ ಹದಕ್ಕೆ ತಂದರು. ಆ ಇನ್ನೊಂದು ವಸ್ತು ನಮ್ಮ ಮಂಗಳಾರತಿ ತಟ್ಟೆಯ ಕರ್ಪೂರ. ಇದೇ ಸೆಲ್ಯುಲಾಯ್ಡ್. ಬಾಚಣಿಗೆ, ಗೊಂಬೆ, ಕೊನೆಗೆ ಸಿನಿಮಾ ರೀಲು ಕೂಡ ಇದರಿಂದಲೇ ಬಂದವು.

ಮದ್ದು ಮತ್ತು ಕರ್ಪೂರ ಸೇರಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆ ಚೆಂಡುಗಳಿಗೆ ಚುಟ್ಟಾ ತಗುಲಿದರೆ ಧಗ್ಗನೆ ಉರಿಯುತ್ತಿದ್ದವು. ಜೋರಾಗಿ ಡಿಕ್ಕಿ ಹೊಡೆದಾಗ ಅಪರೂಪಕ್ಕೆ ಪಟಾಕಿ ಹಾಗೆ ಸಿಡಿಯುವುದೂ ಇತ್ತು. ಎಷ್ಟೋ ವರ್ಷಗಳ ನಂತರ ಹಯಾಟ್ ತಾನೇ ನೆನಪಿಸಿಕೊಂಡು ಹೇಳಿದ ಪ್ರಸಂಗ ಇದು: ಕೊಲರಾಡೋದ ಬಾರ್ ಮಾಲೀಕನೊಬ್ಬ ಅವನಿಗೆ ಕಾಗದ ಬರೆದನಂತೆ. ಸದ್ದು ಬಂದರೆ ನನಗೇನೂ ತಕರಾರಿಲ್ಲ ಸ್ವಾಮಿ, ಆದರೆ ಚೆಂಡು ಸಿಡಿದ ತಕ್ಷಣ ಕೋಣೆಯಲ್ಲಿರುವ ಗಂಡಸರೆಲ್ಲ ಪಿಸ್ತೂಲು ತೆಗೀತಾರೆ, ಅದೇ ಕಷ್ಟ ಅಂತ.

ಸಾಮಾನ್ಯವಾಗಿ ಈ ಕತೆಯನ್ನು ಇಲ್ಲಿಗೇ ನಿಲ್ಲಿಸಿ, ಪ್ಲಾಸ್ಟಿಕ್ ಬಂತು, ಆನೆ ಉಳಿಯಿತು ಅಂತ ಮಂಗಳ ಹಾಡುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದದ್ದು ಹಾಗಲ್ಲ.

ಮೊದಲನೆಯದಾಗಿ, ಬದಲಿಗೂ ಒಂದು ಕಾಡು ಬೇಕಾಗಿತ್ತು. ಆಗಿನ ಕರ್ಪೂರ ಸಿಗುತ್ತಿದ್ದುದು ಕರ್ಪೂರದ ಮರ ಕಡಿದು, ಚಕ್ಕೆ ಮಾಡಿ, ಹಬೆಯಲ್ಲಿ ಬೇಯಿಸಿ. ಆ ಮರಗಳ ದೊಡ್ಡ ಕಾಡು ಇದ್ದದ್ದು ತೈವಾನಿನ ಬೆಟ್ಟಗಳಲ್ಲಿ. 1895ರಲ್ಲಿ ಜಪಾನ್ ಆ ದ್ವೀಪ ವಶಪಡಿಸಿಕೊಂಡು ಕರ್ಪೂರವನ್ನು ಸರ್ಕಾರದ ಏಕಸ್ವಾಮ್ಯ ಮಾಡಿಕೊಂಡಿತು. ಮರಕ್ಕಾಗಿ ಬೆಟ್ಟ ಹತ್ತಿದವರಿಗೂ ಅಲ್ಲಿನ ಮೂಲನಿವಾಸಿಗಳಿಗೂ ವರ್ಷಗಟ್ಟಲೆ ಕಾದಾಟ ನಡೆಯಿತು.

ಎರಡನೆಯದಾಗಿ, ಆನೆಗಳು ಸಾಯುವುದು ನಿಲ್ಲಲಿಲ್ಲ. ಪಿಯಾನೋ ಕೀಲಿಗಳಿಗೆ, ಚಾಕುವಿನ ಹಿಡಿಗೆ, ಬಾಚಣಿಗೆಗೆ ದಂತ ಬೇಕೇ ಬೇಕಿತ್ತು. ಸೆಲ್ಯುಲಾಯ್ಡ್ ಬಂದು ಇಪ್ಪತ್ತು ವರ್ಷವಾದ ಮೇಲೂ ಬ್ರಿಟನ್ ಒಂದೇ ವರ್ಷಕ್ಕೆ ಸುಮಾರು 500 ಟನ್ ದಂತ ತರಿಸಿಕೊಳ್ಳುತ್ತಿತ್ತು. ಬಿಲಿಯರ್ಡ್ಸ್‌ನ ನುರಿತ ಆಟಗಾರರೂ ದಂತದ ಚೆಂಡನ್ನು ಬಹಳ ಕಾಲ ಬಿಡಲಿಲ್ಲ. ಕೃತಕ ಚೆಂಡುಗಳಿಗೆ ಬ್ರಿಟನ್ನಿನ ದೊಡ್ಡ ಪಂದ್ಯಗಳಲ್ಲಿ ಜಾಗ ಸಿಕ್ಕಿದ್ದು 1920ರ ದಶಕದಲ್ಲಿ.

ಅಷ್ಟು ಹೊತ್ತಿಗೆ ಇನ್ನೂ ಒಳ್ಳೆಯ ವಸ್ತು ಹುಟ್ಟಿತ್ತು. ಬೆಲ್ಜಿಯಂನ ಗೆಂಟ್ ಊರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ್ದ ಲಿಯೋ ಬೇಕಲಂಡ್ 1907ರಲ್ಲಿ ಫೀನಾಲ್, ಫಾರ್ಮಾಲ್ಡಿಹೈಡ್ ಎರಡನ್ನೂ ಸೇರಿಸಿ ಬೇಕಲೈಟ್ ಮಾಡಿದ. ಗಟ್ಟಿ, ಉರಿಯದು, ಒಮ್ಮೆ ಹೆಪ್ಪುಗಟ್ಟಿದರೆ ಮತ್ತೆ ಕರಗದು. ಇವತ್ತಿನ ಒಳ್ಳೆಯ ಪೂಲ್ ಚೆಂಡು ಅದೇ ವಂಶದ ಫೀನಾಲಿಕ್ ರೆಸಿನ್‌ನದ್ದು, ಬಹುಪಾಲು ತಯಾರಾಗುವುದೂ ಬೆಲ್ಜಿಯಂನಲ್ಲೇ. ನನ್ನ ಮೇಜಿನ ಮೇಲಿರುವುದೂ ಅದೇ ಜಾತಿ. 57 ಮಿಲಿಮೀಟರ್ ಅಡ್ಡಳತೆ, ಅಂಗೈಯಲ್ಲಿಟ್ಟರೆ ದೊಡ್ಡ ನಿಂಬೆಹಣ್ಣಿನ ಹಾಗೆ ತುಂಬಿಕೊಳ್ಳುತ್ತದೆ, ತೂಕ ಮಾತ್ರ ನಿಂಬೆಹಣ್ಣಿನದ್ದಲ್ಲ.

ಬದಲಿ ವಸ್ತು ಸಿಕ್ಕಿ ನೂರು ವರ್ಷ ಕಳೆದರೂ ದಂತದ ಬೇಟೆ ನಡೆದೇ ಇತ್ತು. 1979ರಲ್ಲಿ ಆಫ್ರಿಕಾದಲ್ಲಿ ಸುಮಾರು 13 ಲಕ್ಷ ಆನೆಗಳಿದ್ದವೆಂದು ಅಂದಾಜು. ಹತ್ತೇ ವರ್ಷಕ್ಕೆ ಅದು ಅರ್ಧಕ್ಕಿಳಿಯಿತು. ಆಗ, 1989ರಲ್ಲಿ, ದೇಶಗಳು ಸೇರಿ ದಂತದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ತಡೆ ಹಾಕಿದವು. ನಮ್ಮಲ್ಲೂ ಅಷ್ಟೇ. ವನ್ಯಜೀವಿ ಸಂರಕ್ಷಣಾ ಕಾಯಿದೆಗೆ 1986ರಲ್ಲಿ ತಿದ್ದುಪಡಿ ತಂದು ಭಾರತದ ಆನೆಯ ದಂತದ ಮಾರಾಟ ನಿಷೇಧಿಸಿದರು. ಆಫ್ರಿಕಾದ ದಂತ ಅಂತ ಹೇಳಿ ಮಾರುವ ಕಳ್ಳದಾರಿ ಉಳಿದಿತ್ತು, 1991ರಲ್ಲಿ ಅದನ್ನೂ ಮುಚ್ಚಿದರು. ಆ ವರ್ಷಗಳಲ್ಲಿ ನಮ್ಮ ಗಡಿಯ ಕಾಡುಗಳಲ್ಲಿ ವೀರಪ್ಪನ್ ಗುಂಪು ಏನು ಮಾಡುತ್ತಿತ್ತು ಅಂತ ಕನ್ನಡಿಗರಿಗೆ ಹೇಳಬೇಕಿಲ್ಲ. ನಮ್ಮ ಆನೆಗಳಲ್ಲಿ ಉದ್ದ ದಂತ ಇರುವುದು ಗಂಡಿಗೆ ಮಾತ್ರ. ಗಂಡುಗಳನ್ನೇ ಆಯ್ದು ಕೊಂದಿದ್ದರಿಂದ ದಕ್ಷಿಣದ ಕೆಲವು ಕಾಡುಗಳಲ್ಲಿ ಗಂಡಾನೆಗಳೇ ಅಪರೂಪವಾದವು. ಆ ದಂತ ಯಾವುದೂ ಬಿಲಿಯರ್ಡ್ಸ್‌ಗೆ ಹೋದದ್ದಲ್ಲ. ಚೆಂಡಿನ ಆಸೆ ಮುಗಿದಿತ್ತು, ದಂತದ ಆಸೆ ಮುಗಿದಿರಲಿಲ್ಲ.

ಈಗ ಚೀಟಿಯ ವಿಷಯ. ಡಬ್ಬಿ ಕೊಟ್ಟು ಒಂದು ವಾರದ ಮೇಲೆ, ಅದೂ ನಾನು ಕೆದಕಿದ್ದಕ್ಕೆ, ಗೆಳೆಯ ಬಾಯಿಬಿಟ್ಟ. ಹುಟ್ಟುಹಬ್ಬಕ್ಕೆ ಎರಡು ತಿಂಗಳ ಮುಂಚೆ ಹೆಂಡತಿ ಜೊತೆ ಒಂದು ಗಿರಿಧಾಮಕ್ಕೆ ಹೋಗಿದ್ದನಂತೆ. ಅಲ್ಲಿನ ಹಳೇ ಸಾಮಾನಿನ ಅಂಗಡಿಯೊಂದರಲ್ಲಿ ಇವನು ಬಿಲಿಯರ್ಡ್ಸ್ ಸಾಮಾನು ಏನಾದರೂ ಇದೆಯಾ ಅಂತ ಕೇಳಿದಾಗ ಅಂಗಡಿಯವರು ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಚೆಂಡು ತಂದರು. ಕೆನೆ ಬಣ್ಣಕ್ಕೆ ತಿರುಗಿದ ಬಿಳಿ, ಮೈಮೇಲೆ ಮರದ ಎಳೆಯಂಥ ಸಣ್ಣ ಗೆರೆ, ಎದುರುಬದುರು ಎರಡು ಕಡೆ ಒಂದೊಂದು ಕಪ್ಪು ಚುಕ್ಕೆ. ಆ ಚುಕ್ಕೆಗಳು ಹಲ್ಲಿನ ನರ ಹಾದುಹೋದ ಗುರುತು ಅಂತ ಅವನಿಗೆ ನಮ್ಮ ಗುರುವಾರದ ಹರಟೆಯಿಂದಲೇ ಗೊತ್ತು.

"ನಿನಗೆ ಇದು ಸಿಕ್ಕಿದ್ರೆ ಹುಚ್ಚು ಹಿಡೀತಿತ್ತು ಅಂತ ಅನ್ನಿಸ್ತು. ಕೈಯಲ್ಲಿ ಹಿಡ್ಕೊಂಡೆ. ಸ್ವಲ್ಪ ಹೊತ್ತು ಇಟ್ಕೊಂಡಿದ್ದೆ ಕಣೋ."

"ಆಮೇಲೆ?"

"ಆಮೇಲೆ ವಾಪಸ್ ಇಟ್ಟೆ. ಊರಿಗೆ ಹೊರಡೋ ಮುಂಚೆ ಫಾರೆಸ್ಟ್ ಆಫೀಸಿಗೆ ಹೋಗಿ ಹೇಳಿ ಬಂದೆ. ನಿನ್ನ ಮೇಜಿನ ಮೇಲೆ ಒಂದು ಹೆಣ ಇಡೋದು ಬೇಡ ಅನ್ನಿಸ್ತು."

ಅಂಥದ್ದನ್ನು ಮಾರುವುದು, ಕೊಳ್ಳುವುದು ಎರಡೂ ಅಪರಾಧ ಅಂತ ಅವನಿಗೂ ಗೊತ್ತಿತ್ತು. ಆದರೆ ಅವನು ಹೇಳಿದ್ದು ಕಾನೂನಿನ ಮಾತಲ್ಲ. ಬೆಂಗಳೂರಿಗೆ ಬಂದ ಮೇಲೆ ಮುಚ್ಚಿದ ಪಾರ್ಲರ್‌ನ ಮಾಲೀಕರನ್ನು ಹುಡುಕಿಕೊಂಡು ಹೋಗಿ, ಸೆಟ್ಟು ಕೊಂಡವರು ಯಾರು ಅಂತ ವಿಚಾರಿಸಿ, ಅವರ ಹತ್ತಿರ ಹೋಗಿ ಈ ಒಂದು ಚೆಂಡು ಬಿಡಿಸಿಕೊಂಡು ಬಂದಿದ್ದಾನೆ. ಬದಲಿಗೆ ಅವರಿಗೊಂದು ಹೊಸ ಬಿಳಿ ಚೆಂಡು ಕೊಟ್ಟಿದ್ದಾನೆ.

ನಮಗೆ ಇತಿಹಾಸದಲ್ಲಿ ಹಯಾಟ್, ಬೇಕಲಂಡ್ ಥರದವರ ಕತೆ ಇಷ್ಟ. ಒಬ್ಬ ಬುದ್ಧಿವಂತ, ಒಂದು ಪೇಟೆಂಟ್, ಸಮಸ್ಯೆ ಖಲಾಸ್. ಆಫೀಸಿನ ಮೀಟಿಂಗ್‌ಗಳಲ್ಲೂ ನಾವು ಕಾಯೋದು ಇಂಥದ್ದಕ್ಕೇ. ದಂತದ ಚರಿತ್ರೆ ನೋಡಿದರೆ ಬದಲಿ ಸಿಕ್ಕಿದ್ದು 1869ರಲ್ಲಿ, ವ್ಯಾಪಾರಕ್ಕೆ ತಡೆ ಬಿದ್ದದ್ದು 1989ರಲ್ಲಿ. ನಡುವಿನ 120 ವರ್ಷ ಜನರ ಮುಂದೆ ಎರಡೂ ಇದ್ದವು, ದುಡ್ಡಿದ್ದವರು ದಂತವನ್ನೇ ಆರಿಸಿಕೊಂಡರು. ಬದಲಿ ಕಂಡುಹಿಡಿಯೋಕೆ ಒಬ್ಬ ಹಯಾಟ್ ಸಾಕಾಗಿತ್ತು. ಕೈಗೆ ಬಂದ ದಂತವನ್ನು ವಾಪಸ್ ಇಡೋಕೆ ಮಾತ್ರ ಪ್ರತಿ ಅಂಗಡಿಯಲ್ಲೂ ಒಬ್ಬೊಬ್ಬರು ಬೇಕು.