ಗಡಿ ದಾಟಿದ ಕಾನೂನು ವಿದ್ಯೆ: ಶೈಬಾನಿಯಿಂದ ಹಮೀದುಲ್ಲಾರವರೆಗೆ

ಅಫಜಲಪುರ ತಾಲೂಕಿನ ಕರಜಗಿ ಗಡಿನಾಡಿನ ಊರು. ಕನ್ನಡ, ಮರಾಠಿ, ದಖನಿ ಮೂರೂ ಇಲ್ಲಿ ಕಿವಿಗೆ ಬೀಳುತ್ತವೆ. 1948ಕ್ಕೆ ಮುಂಚೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಭೀಮೆಯಾಚೆಗಿನ ಇಂಡಿ, ಸಿಂದಗಿಗಳು ಮುಂಬಯಿ ಪ್ರಾಂತದಲ್ಲಿದ್ದವು. ಹೊಳೆ ದಾಟಿದರೆ ಕಾನೂನೇ ಬೇರೆ, ನ್ಯಾಯಾಲಯವೇ ಬೇರೆ. ಒಂದು ನಾಡಿನ ಕಾನೂನನ್ನು ಮಾತ್ರ ಬಲ್ಲವನ ಜ್ಞಾನ ಅರ್ಧವೆಂಬುದು ಇಲ್ಲಿಯ ಹಿರಿಯರಿಗೆ ಅನುಭವದಿಂದ ತಿಳಿದಿದ್ದ ಮಾತು.

ಕಾನೂನು ಶಿಕ್ಷಣ ಅಂತಾರಾಷ್ಟ್ರೀಯವಾಗಬೇಕೆಂಬ ಕೂಗು ಇಂದು ಎಲ್ಲೆಡೆ ಕೇಳಿಬರುತ್ತಿದೆ. ಇದು ಪಶ್ಚಿಮದಿಂದ ಬಂದ ಹೊಸ ವಿಚಾರವೆಂದು ನಮ್ಮಲ್ಲಿ ಹಲವರು ಭಾವಿಸಿದ್ದಾರೆ. ಇಸ್ಲಾಮೀ ಕರ್ಮಶಾಸ್ತ್ರದ ಇತಿಹಾಸವನ್ನು ಬಲ್ಲವರಿಗೆ ಹಾಗೆನಿಸದು.

ಇಮಾಮ್ ಮುಹಮ್ಮದ್ ಬಿನ್ ಹಸನ್ ಅಶ್ಶೈಬಾನಿ(ರ) ಇರಾಕಿನವರು. ಕೂಫಾದಲ್ಲಿ ಇಮಾಮ್ ಅಬೂ ಹನೀಫಾ(ರ)ರ ಪಾಠ ಕೇಳಿದರು. ಆ ಗುರುಗಳ ನಿಧನಾನಂತರ ಅಬೂ ಯೂಸುಫ್(ರ)ರ ಬಳಿ ಕಲಿಕೆ ಮುಂದುವರಿಸಿದರು. ಅಷ್ಟಕ್ಕೇ ತೃಪ್ತರಾಗದೆ ಮದೀನಾಕ್ಕೆ ಹೋಗಿ, ಭಿನ್ನ ಚಿಂತನಾಕ್ರಮದ ಇಮಾಮ್ ಮಾಲಿಕ್(ರ)ರ ಮುಂದೆ ಸುಮಾರು ಮೂರು ವರ್ಷ ಶಿಷ್ಯರಾಗಿ ಕುಳಿತರು. ಗಾಝಾದಲ್ಲಿ ಹುಟ್ಟಿ ಮಕ್ಕಾದಲ್ಲಿ ಬೆಳೆದ ಇಮಾಮ್ ಶಾಫಿಈ(ರ) ಮೊದಲು ಮದೀನಾದಲ್ಲಿ ಮಾಲಿಕ್‌ರಿಂದ, ಬಳಿಕ ಬಗ್ದಾದಿನಲ್ಲಿ ಇದೇ ಶೈಬಾನಿಯವರಿಂದ ಕಲಿತರು. ಕೊನೆಗೆ ಈಜಿಪ್ಟಿನಲ್ಲಿ ನೆಲೆಸಿದರು. ಅಲ್ಲಿ ಅವರು ತಮ್ಮ ಹಲವು ಅಭಿಪ್ರಾಯಗಳನ್ನು ಪುನರ್ವಿಮರ್ಶಿಸಿದರು. ಆದ್ದರಿಂದಲೇ ವಿದ್ವಾಂಸರು ಅವರ ಹಳೆಯ ಅಭಿಪ್ರಾಯಗಳನ್ನೂ ಹೊಸ ಅಭಿಪ್ರಾಯಗಳನ್ನೂ ಬೇರ್ಪಡಿಸಿ ಹೇಳುತ್ತಾರೆ. ಇಂದು ಕಲಬುರಗಿ ಭಾಗದಲ್ಲಿ ಹನಫಿಗಳು ಹೆಚ್ಚು, ಕರಾವಳಿಯಲ್ಲಿ ಶಾಫಿಈಗಳು ಹೆಚ್ಚು. ಈ ಎರಡು ಧಾರೆಗಳು ಬಗ್ದಾದಿನ ಒಂದೇ ಪಾಠಮಂಟಪದಲ್ಲಿ ಗುರು-ಶಿಷ್ಯರಾಗಿ ಕುಳಿತಿದ್ದವು ಎಂಬುದನ್ನು ನಾವು ಮರೆಯಬಾರದು.

ಶೈಬಾನಿಯವರ ಮಹತ್ಸಾಧನೆ 'ಸಿಯರ್' ಕುರಿತ ಗ್ರಂಥಗಳು. ಒಪ್ಪಂದಗಳ ಪಾಲನೆ, ರಾಯಭಾರಿಗಳ ರಕ್ಷಣೆ, ಪರದೇಶಿಗಳಿಗೆ ನೀಡುವ ಅಭಯ, ಯುದ್ಧಕಾಲದ ಮಿತಿಗಳು ಇವುಗಳ ವಸ್ತು. ಡಚ್ ನ್ಯಾಯಶಾಸ್ತ್ರಜ್ಞ ಹ್ಯೂಗೋ ಗ್ರೋಷಿಯಸ್ ಯುದ್ಧ ಮತ್ತು ಶಾಂತಿಯ ಕಾನೂನಿನ ಕುರಿತು ತನ್ನ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿದ್ದು 1625ರಲ್ಲಿ. ಶೈಬಾನಿ ನಿಧನರಾದದ್ದು 805ರಲ್ಲಿ. ನಡುವೆ ಎಂಟು ಶತಮಾನಗಳಿವೆ. ಹನ್ನೊಂದನೆಯ ಶತಮಾನದಲ್ಲಿ ಮಧ್ಯ ಏಷ್ಯಾದ ಇಮಾಮ್ ಸರಖ್ಸಿ(ರ) ಸೆರೆವಾಸದಲ್ಲಿದ್ದಾಗಲೇ ಶೈಬಾನಿಯವರ ದೊಡ್ಡ ಸಿಯರ್ ಗ್ರಂಥಕ್ಕೆ ವ್ಯಾಖ್ಯಾನವನ್ನು ಹೇಳಿ ಬರೆಸಲಾರಂಭಿಸಿದರು. ಆ ವ್ಯಾಖ್ಯಾನ ಹಿಜರಿ 1335-36ರಲ್ಲಿ ನಾಲ್ಕು ಸಂಪುಟಗಳಾಗಿ ಅಚ್ಚಾದದ್ದು ಹೈದರಾಬಾದಿನ ದಾಯಿರತುಲ್ ಮಆರಿಫ್‌ನಲ್ಲಿ, ಅಂದರೆ ಕರಜಗಿಯ ಜನ ಅಂದು ರಾಜಧಾನಿಯೆಂದು ಕರೆಯುತ್ತಿದ್ದ ನಗರದಲ್ಲಿ!

ನಮ್ಮ ನೆಲಕ್ಕೂ ಈ ವಿದ್ವತ್ ಸಂಚಾರ ಹೊಸತಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಮಂಗಳೂರಿಗೆ ಬಂದ ಇಬ್ನ್ ಬತೂತ, ತಮಿಳು ಕರಾವಳಿಯಿಂದ ಬಂದು ಅಲ್ಲಿ ಪಾಠ ಹೇಳುತ್ತಿದ್ದ ಶಾಫಿಈ ಖಾಝಿಯೊಬ್ಬರನ್ನು ಕಂಡುದಾಗಿ ದಾಖಲಿಸಿದ್ದಾನೆ. ಸ್ವತಃ ಮೊರಾಕ್ಕೋದವನಾದ ಆತ ದೆಹಲಿಯಲ್ಲಿಯೂ ಮಾಲ್ದೀವ್ಸ್‌ನಲ್ಲಿಯೂ ಖಾಝಿಯಾಗಿದ್ದವನು. ಇರಾನಿನ ಗೀಲಾನ್‌ನಿಂದ ಬಂದ ಮಹಮೂದ್ ಗವಾನ್ 1472ರಲ್ಲಿ ಬೀದರಿನಲ್ಲಿ ಕಟ್ಟಿಸಿದ ಮದ್ರಸಾ ಇಂದಿಗೂ ನಮ್ಮ ಕಣ್ಣೆದುರಿಗಿದೆ.

ಆಧುನಿಕ ಯುಗದಲ್ಲಿ ಈ ಪರಂಪರೆಯನ್ನು ಮತ್ತೆ ಬೆಳಗಿದವರು ಡಾ. ಮುಹಮ್ಮದ್ ಹಮೀದುಲ್ಲಾ. 1908ರಲ್ಲಿ ಹೈದರಾಬಾದಿನಲ್ಲಿ, ನಮ್ಮ ಭಟ್ಕಳದ ಜನರಿಗೆ ಆಪ್ತವಾದ ನವಾಯತ್ ಸಮುದಾಯದ ವಿದ್ವಾಂಸ ಮನೆತನದಲ್ಲಿ ಜನಿಸಿದರು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯ ಉನ್ನತ ಶಿಕ್ಷಣವನ್ನು ಉರ್ದುವಿನಲ್ಲಿ ನೀಡುತ್ತಿತ್ತು. ಹಮೀದುಲ್ಲಾ ಅಲ್ಲಿಯೇ ಕಾನೂನು ಓದಿದರು. ಅನಂತರ ಜರ್ಮನಿಯ ಬಾನ್‌ನಲ್ಲಿ ಇಸ್ಲಾಮೀ ಅಂತಾರಾಷ್ಟ್ರೀಯ ಕಾನೂನಿನಲ್ಲಿ ತಟಸ್ಥ ನೀತಿಯ ಕುರಿತೂ, ಪ್ಯಾರಿಸ್‌ನಲ್ಲಿ ಪ್ರವಾದಿ(ಸ) ಮತ್ತು ಖಲೀಫರ ಕಾಲದ ರಾಜತಾಂತ್ರಿಕ ದಾಖಲೆಗಳ ಕುರಿತೂ ಸಂಶೋಧನೆ ನಡೆಸಿ ಡಾಕ್ಟರೇಟ್‌ಗಳನ್ನು ಪಡೆದರು. ತಾಯ್ನಾಡಿಗೆ ಮರಳಿ ಉಸ್ಮಾನಿಯಾದಲ್ಲಿ ಅಂತಾರಾಷ್ಟ್ರೀಯ ಕಾನೂನನ್ನು ಬೋಧಿಸಿದರು. ಮಾತೃಭಾಷೆಯ ಸಮೀಪದ ಶಿಕ್ಷಣ ಜಗತ್ತಿನ ಬಾಗಿಲನ್ನು ಮುಚ್ಚುತ್ತದೆ ಎನ್ನುವವರಿಗೆ ಅವರ ಜೀವನವೇ ಉತ್ತರ.

ಆದರೆ ವಿಧಿಯ ಲೀಲೆ ನೋಡಿರಿ. 1948ರಲ್ಲಿ ಸಂಸ್ಥಾನದ ನಿಯೋಗದೊಂದಿಗೆ ವಿದೇಶಕ್ಕೆ ಹೋಗಿದ್ದಾಗ ಹೈದರಾಬಾದ್ ಭಾರತದಲ್ಲಿ ವಿಲೀನವಾಯಿತು. ಅವರು ಪ್ಯಾರಿಸ್‌ನಲ್ಲಿಯೇ ಉಳಿದರು. ರಾಷ್ಟ್ರರಾಷ್ಟ್ರಗಳ ಸಂಬಂಧವನ್ನು ಬೋಧಿಸಿದ ಪ್ರಾಧ್ಯಾಪಕರೇ ಯಾವ ರಾಷ್ಟ್ರದ ಪೌರತ್ವವೂ ಇಲ್ಲದೆ ದಶಕಗಳ ಕಾಲ ಬಾಳಿದರು. ಆ ಸ್ಥಿತಿಯಲ್ಲಿಯೂ ಲೇಖನಿ ಕೆಳಗಿಡಲಿಲ್ಲ. 1959ರಲ್ಲಿ ಅವರ ಫ್ರೆಂಚ್ ಕುರ್‌ಆನ್ ಅನುವಾದ ಪ್ರಕಟವಾಯಿತು. ಸರಖ್ಸಿಯವರ ವ್ಯಾಖ್ಯಾನವನ್ನೂ ಫ್ರೆಂಚಿಗೆ ತಂದರು. 2002ರಲ್ಲಿ ಅಮೆರಿಕದಲ್ಲಿ ಕೊನೆಯುಸಿರೆಳೆದರು.

ಈ ಇತಿಹಾಸದಿಂದ ನಮಗೇನು? ಕೊಲ್ಲಿ ರಾಷ್ಟ್ರದಲ್ಲಿ ದುಡಿಯುವ ಮಗನ ವೇತನ ತಡೆಹಿಡಿಯಲ್ಪಟ್ಟಾಗ, ಅಲ್ಲಿ ತೀರಿಕೊಂಡವನ ಬಾಕಿ ಹಣ ಇಲ್ಲಿಯ ವಿಧವೆಗೆ ಸಿಗಬೇಕಾದಾಗ, ಹಳ್ಳಿಯ ಕುಟುಂಬ ಯಾರ ಬಳಿಗೆ ಹೋಗಬೇಕು? ಅರಬಿ ಕರಾರುಪತ್ರವನ್ನು ಓದಬಲ್ಲ, ಎರಡೂ ದೇಶಗಳ ನ್ಯಾಯಕ್ರಮವನ್ನು ಅರಿತ ವಕೀಲ ನಮ್ಮ ನಡುವೆ ಎಷ್ಟು ಮಂದಿ ಇದ್ದಾರೆ? ಹೊರನಾಡಿನ ಕಾನೂನಿನ ಜ್ಞಾನ ಶ್ರೀಮಂತರ ಆಡಂಬರವಲ್ಲ. ಅದು ಬಡವನ ಹಕ್ಕಿನ ಪ್ರಶ್ನೆ.

1988ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಮಾಧವ ಮೆನನ್‌ರ ನೇತೃತ್ವದಲ್ಲಿ ಐದು ವರ್ಷಗಳ ಪದವಿ ಶಿಕ್ಷಣವನ್ನು ಆರಂಭಿಸಿ ದೇಶಕ್ಕೇ ಮಾದರಿಯಾಯಿತು. ಅದರ ಬಾಗಿಲು ಪ್ರವೇಶ ಪರೀಕ್ಷೆಯ ಮೂಲಕ ನಮ್ಮ ಮಕ್ಕಳಿಗೂ ತೆರೆದಿದೆ. ಗಂಡು ಮಕ್ಕಳನ್ನೂ ಹೆಣ್ಣು ಮಕ್ಕಳನ್ನೂ ಅದಕ್ಕೆ ಸಿದ್ಧಗೊಳಿಸೋಣ. ಮದ್ರಸಾದಲ್ಲಿ ಕಲಿತ ಅರಬಿ ವ್ಯರ್ಥವೆಂದು ಹೇಳುವುದನ್ನು ನಿಲ್ಲಿಸೋಣ. ಕನ್ನಡ, ಇಂಗ್ಲಿಷ್‌ಗಳೊಂದಿಗೆ ಅದು ಸೇರಿದರೆ ಕಾನೂನು ವಿದ್ಯಾರ್ಥಿಗೆ ಅಪೂರ್ವ ಸಂಪತ್ತು.

ಶೈಬಾನಿ(ರ) ತಮ್ಮದಲ್ಲದ ಚಿಂತನಾಕ್ರಮದ ಗುರುವಿನ ಮುಂದೆ ಮೂರು ವರ್ಷ ವಿನಯದಿಂದ ಕುಳಿತರು. ಶಿಕ್ಷಣ ಅಂತಾರಾಷ್ಟ್ರೀಯವಾಗುವುದು ಆ ವಿನಯದಿಂದಲೇ. ಅಂತಹ ಜ್ಞಾನದಾಹವನ್ನು ನಮ್ಮ ಮಕ್ಕಳಿಗೂ ಅಲ್ಲಾಹನು ಕರುಣಿಸಲಿ. ಆಮೀನ್.