ಟಿಪ್ಪಣಿಯ ತಂತ್ರಾಂಶ ಮತ್ತು ಸ್ಥಳನಾಮ: ಮುಗದದ ನಿದರ್ಶನ

ಇತಿಹಾಸದ ಅಭ್ಯಾಸಿಗಳು ಈಚೆಗೆ ತಮ್ಮ ಟಿಪ್ಪಣಿಗಳನ್ನು ಗಣಕಯಂತ್ರದಲ್ಲಿ ಇರಿಸತೊಡಗಿದ್ದಾರೆ. ೨೦೨೦ರಲ್ಲಿ ಹೊರಬಂದ ಅಬ್ಸಿಡಿಯನ್ ಇಂಥ ತಂತ್ರಾಂಶಗಳಲ್ಲೊಂದು. ಅದರಲ್ಲಿ ಪ್ರತಿ ಟಿಪ್ಪಣಿಯೂ ಒಂದು ಸರಳ ಕಡತವಾಗಿ ಬರೆದವನ ಯಂತ್ರದಲ್ಲಿಯೇ ಉಳಿಯುವುದು. ಒಂದರಿಂದ ಇನ್ನೊಂದಕ್ಕೆ ಕೊಂಡಿ ಹಾಕಬಹುದು.

ಕಡತವೆಂಬ ಮಾತು ನಮಗೆ ಹೊಸದಲ್ಲ. ಬಟ್ಟೆಗೆ ಹುಣಿಸೆ ಬೀಜದ ಸರಿಯನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕರಿಯ ಪುಸ್ತಕವೇ ಹಿಂದಿನ ಕಡತ. ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ಬೇಡವಾದುದನ್ನು ಒರಸಿ ಮತ್ತೆ ಬರೆಯುತ್ತಿದ್ದರು. ಒರಸಿದರೆ ಹೋಗುವ ಆ ಬರವಣಿಗೆಯೂ, ಕಾಯುವವರಿದ್ದುದರಿಂದ, ಶೃಂಗೇರಿ ಮಠದಲ್ಲಿ ಉಳಿದು ಇತಿಹಾಸಕ್ಕೆ ಆಕರವಾಯಿತು.

ಹೊಸ ಸಾಧನದ ತೊಡಕು ಬೇರೆಡೆ ಇದೆ. ಧಾರವಾಡದಿಂದ ಅಳ್ನಾವರಕ್ಕೆ ಹೋಗುವ ರೈಲುದಾರಿಯ ಮೇಲಿರುವ ಮುಗದವನ್ನು ತೆಗೆದುಕೊಳ್ಳೋಣ. ಅಲ್ಲಿಯ ೧೦೪೫ರ ಶಾಸನವು ಚಾವುಂಡಗಾವುಂಡನು ಕಟ್ಟಿಸಿದ ಸಮ್ಯಕ್ತ್ವರತ್ನಾಕರವೆಂಬ ಚೈತ್ಯಾಲಯವನ್ನು ಹೇಳುತ್ತದೆ. ಊರಿನ ಹೆಸರು ಅದರಲ್ಲಿ ಮುಗುಂದ. ‘ಮುಗದ’ ಎಂದು ಹುಡುಕಿದವನಿಗೆ ‘ಮುಗುಂದ’ ಎಂದು ಬರೆದಿಟ್ಟ ಟಿಪ್ಪಣಿ ಸಿಕ್ಕಲಾರದು. ಯಂತ್ರವು ಅಕ್ಷರವನ್ನು ನೋಡುವುದೇ ಹೊರತು ಊರನ್ನಲ್ಲ. ಇದಕ್ಕೆ ಪರಿಹಾರವೂ ಉಂಟು: ಒಂದೇ ಟಿಪ್ಪಣಿಗೆ ಎರಡನೆಯ ಹೆಸರನ್ನು ಪರ್ಯಾಯವಾಗಿ ಕೊಡಬಹುದು.

ಆದರೆ ನಮ್ಮ ಸಂದೇಹವು ಈ ಪರಿಹಾರದ ಬಗೆಗೇ. ಪರ್ಯಾಯನಾಮವನ್ನು ಕೊಟ್ಟ ಕ್ಷಣದಿಂದ ಯಂತ್ರಕ್ಕೆ ಎರಡು ಊರುಗಳೂ ಒಂದೇ. ಮುಗುಂದದ ಮಟ್ಟಿಗೆ ಬಾಧಕವಿಲ್ಲ. ಶಾಸನವು ಆ ಊರಿನದೇ. ಹುಬ್ಬಳ್ಳಿಯ ಮಾತು ಹಾಗಲ್ಲ. ಧಾರವಾಡದ ನೆರೆಯ ಹುಬ್ಬಳ್ಳಿಯಲ್ಲದೆ, ಬೆಳಗಾವಿ ಜಿಲ್ಲೆಯಲ್ಲಿ ಮಲಪ್ರಭೆಯ ಬಳಿ ಮುಗುತಖಾನ ಹುಬ್ಬಳ್ಳಿಯೂ ಇದೆ. ಬರಿಯ ‘ಹುಬ್ಬಳ್ಳಿ’ ಎಂದಿರುವ ದಾಖಲೆಯನ್ನು ಅವಸರದಲ್ಲಿ ಒಂದಕ್ಕೆ ಜೋಡಿಸಿದರೆ ಅಭ್ಯಾಸಿಯ ಊಹೆಯೇ ವರುಷ ಕಳೆದ ಮೇಲೆ ಆಕರದ ಹೇಳಿಕೆಯಂತೆ ತೋರುವುದು. ಕಾಗದದ ಚೀಟಿಯಲ್ಲಾದರೆ ಅಂಚಿನ ಪ್ರಶ್ನಾರ್ಥಕ ಚಿಹ್ನೆಯಾದರೂ ಕಣ್ಣಿಗೆ ಬೀಳುತ್ತಿತ್ತು.

ಆದುದರಿಂದ ಶಾಸನದ ಪಾಠಕ್ಕೊಂದು, ಊರಿನ ಗುರುತಿಗೆ ಇನ್ನೊಂದು, ಹೀಗೆ ಎರಡು ಟಿಪ್ಪಣಿಗಳನ್ನಿಟ್ಟು ಕೊಂಡಿಯಿಂದ ಸೇರಿಸುವುದು ಲೇಸೆಂದು ನಮ್ಮ ಅಭಿಪ್ರಾಯ. ಮೊದಲನೆಯದರಲ್ಲಿ ಕಲ್ಲಿನ ಮೇಲಿರುವ ರೂಪವೇ ಇರಲಿ, ಶಕವರ್ಷವೂ ಇದ್ದಂತೆಯೇ ಇರಲಿ. ಎರಡನೆಯದರಲ್ಲಿ ಗುರುತಿಸಿದವರ ಹೆಸರು, ಕಾರಣ, ಬರೆದ ದಿನಾಂಕ ಇವಿಷ್ಟು ಸಾಕು. ಗುರುತು ತಪ್ಪೆಂದು ತಿಳಿದ ದಿನ ಎರಡನೆಯದನ್ನು ಮಾತ್ರ ತಿದ್ದಬಹುದು.